ಕೆಮ್ಮಿದರೆ ನಿಲ್ಲುವ ಕಾರು

ಪರೀಕ್ಷೆಯ ಮೈದಾನದಲ್ಲಿ ಚೂಟಿ ಎಲ್ಲವನ್ನೂ ಸರಿಯಾಗಿಯೇ ಮಾಡಿದಳು, ನಿಲ್ಲಿಸುವುದೊಂದನ್ನು ಬಿಟ್ಟು. ಎಂಟರ ಆಕಾರದಲ್ಲಿ ಕಾರನ್ನು ಬಳಸಿ ತಂದಳು, ಒಂದು ಗೂಟವನ್ನೂ ತಾಗಿಸಲಿಲ್ಲ. ಹಿಂದಕ್ಕೆ ತೆಗೆದು ಎರಡು ಡ್ರಮ್ಮುಗಳ ನಡುವೆ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಟ್ಟಳು. ಕೊನೆಗೆ ಸುಣ್ಣದಲ್ಲಿ ಎಳೆದ ಬಿಳಿ ಗೆರೆ ಬಂತು. ಗೆರೆಯ ಮುಂದೆ ನಿಲ್ಲಿಸಬೇಕು, ಅಷ್ಟೇ. ಅವಳು ಗೆರೆಯನ್ನು ನೋಡಿದಳು. ಅದು ಹತ್ತಿರ ಬಂದದ್ದನ್ನು ನೋಡಿದಳು. ಕಾರಿನಡಿ ನುಗ್ಗಿ ಹೋದದ್ದನ್ನೂ ನೋಡಿದಳು. ಅದರಾಚೆ ಕಾಂಪೌಂಡ್ ಗೋಡೆಯಿತ್ತು. ಅದನ್ನೂ ನೋಡುತ್ತಲೇ ಹೋಗುತ್ತಿದ್ದಳೇನೋ, ಪಕ್ಕದ ಸೀಟಿನಲ್ಲಿದ್ದ ಇನ್‌ಸ್ಪೆಕ್ಟರ್ ಮೇಡಂ ತಮ್ಮ ಕಾಲಡಿಯ ಬ್ರೇಕನ್ನು ಒತ್ತಿ ಹಿಡಿದರು.

“ಬ್ರೇಕ್ ಯಾವುದು ಅಂತ ಗೊತ್ತಾ?”

“ಗೊತ್ತು ಮೇಡಂ.”

“ತೋರ್ಸಿ.”

ಚೂಟಿ ಕಾಲಿನಿಂದ ಮುಟ್ಟಿ ತೋರಿಸಿದಳು.

“ಮತ್ತೆ ಯಾಕೆ ಒತ್ತಲಿಲ್ಲ?”

ಅದೇ ಅವಳಿಗೂ ತಿಳಿಯದ ವಿಷಯ. ಹಿಂದಿನ ಸೀಟಿನಲ್ಲಿ, ಅವಳ ಜೊತೆ ಕಾರು ಕಲಿಯುತ್ತಿದ್ದ ಔಷಧಿ ಅಂಗಡಿಯವರು ತಲೆ ತಗ್ಗಿಸಿ ಕೂತಿದ್ದರು. ಅಲ್ಲಿ ಪರೀಕ್ಷೆಗೆ ಇಬ್ಬಿಬ್ಬರನ್ನು ಜೋಡಿಯಾಗಿ ಕೂರಿಸುತ್ತಿದ್ದರು, ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ. ಔಷಧಿ ಅಂಗಡಿಯವರ ಸರದಿ ಆಗಲೇ ಮುಗಿದಿತ್ತು. ಅವರೂ ಅದೇ ಗೆರೆಯನ್ನು ಅದೇ ಗಾಂಭೀರ್ಯದಿಂದ ದಾಟಿದ್ದರು.

ಮೈದಾನದ ಹಗ್ಗದಾಚೆ ಡ್ರೈವಿಂಗ್ ಶಾಲೆಯ ಮೇಷ್ಟ್ರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. “ನನ್ನ ಪಕ್ಕ ಕೂತಾಗ ಗೊಂಬೆ ಹಾಗೆ ನಿಲ್ಲಿಸ್ತೀರಿ! ಆ ಮೇಡಂ ಮುಖ ಕಂಡ ಕೂಡಲೇ ನಿಮ್ಮೆಲ್ಲರ ಕಾಲಿಗೆ ಲಕ್ವಾ ಹೊಡೆಯುತ್ತಲ್ಲ, ಏನ್ರೀ ಇದು?”

ಚೂಟಿಯ ಗಮನ ಅಲ್ಲಿರಲಿಲ್ಲ. ಅವಳ ತಲೆಯಲ್ಲಿ ಬೇಕರಿಯ ವ್ಯಾನು ನಿಂತಿತ್ತು.

ಚೂಟಿ ಎಂಬುದು ಬೇಕರಿಯವರು ಇಟ್ಟ ಹೆಸರು. ಕೊಯ್ದ ಬ್ರೆಡ್ಡು ಯಂತ್ರದಿಂದ ಹೊರಬಿದ್ದು ಕುಸಿಯುವ ಮೊದಲೇ ಕಾಗದ ಸುತ್ತಿ ಕಟ್ಟುವ ಕೈ ಅವಳದು. ಅದು ಹೊಗಳಿಕೆಯೂ ಹೌದು, ಶಿಕ್ಷೆಯೂ ಹೌದು. ಕೈ ಚುರುಕಾದಷ್ಟೂ ಯಜಮಾನರು ಅವಳನ್ನು ಪ್ಯಾಕಿಂಗ್ ಕೋಣೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಆ ಕೋಣೆಗೆ ಕಿಟಕಿಯಿಲ್ಲ. ಒಂದು ಗೋಡೆಯ ಆಚೆ ಒಲೆ. ಬೇಸಿಗೆಯಲ್ಲಿ ಬ್ರೆಡ್ಡಿನ ಜೊತೆ ತಾನೂ ಉಬ್ಬುತ್ತೇನೆ ಅನ್ನಿಸುತ್ತಿತ್ತು ಅವಳಿಗೆ. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ತಿಳಿಯಬೇಕಾದರೆ ವ್ಯಾನಿನ ಡ್ರೈವರು ಖಾಲಿ ಟ್ರೇಗಳನ್ನು ತರುವವರೆಗೆ ಕಾಯಬೇಕು. ಆ ಡ್ರೈವರು ಮಂಡಿ ನೋವೆಂದು ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಚೂಟಿ ಯಜಮಾನರ ಮುಂದೆ ಹೋಗಿ ನಿಂತು, ವ್ಯಾನು ನನಗೆ ಕೊಡಿ ಅಂದಿದ್ದಳು.

“ಲೈಸೆನ್ಸ್ ತಂದು ತೋರ್ಸು, ಕೀ ತಗೋ,” ಅಂದಿದ್ದರು ಯಜಮಾನರು. “ಇಲ್ಲ ಅಂದ್ರೆ ನನ್ನ ಭಾವಮೈದ ಇದ್ದಾನೆ.”

ಭಾವಮೈದ ಇದ್ದೇ ಇದ್ದ. ಬೇಕರಿಯ ಕೌಂಟರಿನ ಪಕ್ಕ ಸ್ಟೂಲು ಹಾಕಿಕೊಂಡು, ಮೀಸೆ ತೀಡುತ್ತ, ಬಂದವರಿಗೆ ಬ್ರೆಡ್ಡು ಹೇಗಿದೆ ಎಂದು ತಿಂದು ತಿಂದು ಹೇಳುತ್ತಿದ್ದ. ಅವನಿಗೆ ಲೈಸೆನ್ಸಿತ್ತು. ಬೇರೆ ಯಾವ ಯೋಗ್ಯತೆಯೂ ಇರಲಿಲ್ಲ.

ಫೇಲಾದ ದಿನ ಸಂಜೆ ಚೂಟಿ ಅಡುಗೆಮನೆಯಲ್ಲಿ ಈರುಳ್ಳಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಮೇಜಿನ ಆ ತುದಿಯಲ್ಲಿ ಅವಳ ಮಾವ ಚಹಾದಲ್ಲಿ ರಸ್ಕು ಅದ್ದುತ್ತ ಕೂತಿದ್ದರು. ಗಂಡನ ಅಪ್ಪ. ಹರೆಯವನ್ನೆಲ್ಲ ಊರೂರು ಸುತ್ತುವ ಸರ್ಕಸ್ಸಿನಲ್ಲಿ ನಾಯಿಗಳಿಗೆ ರಿಂಗಿನೊಳಗಿಂದ ಹಾರುವುದನ್ನು ಕಲಿಸುತ್ತ ಕಳೆದ ಮನುಷ್ಯ. ಈಗ ಹಲ್ಲು ಕಡಿಮೆ, ಕುಚೇಷ್ಟೆ ಜಾಸ್ತಿ.

ರಸ್ಕಿನ ಚೂರು ಗಂಟಲಿಗೆ ಸಿಕ್ಕಿ ಮಾವ ಕೆಮ್ಮಿದರು. ಚೂಟಿಯ ಬಲಗಾಲು ನೆಲಕ್ಕೆ ಧಡ್ಡನೆ ಬಡಿಯಿತು.

ಅವಳಿಗೆ ಗೊತ್ತೇ ಆಗಲಿಲ್ಲ. ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಮಾವ ನೀರು ಕುಡಿದು ಇನ್ನೊಮ್ಮೆ ಕೆಮ್ಮಿದರು. ಕಾಲು ಮತ್ತೆ ಧಡ್. ಮೇಜಿನ ಮೇಲಿನ ಲೋಟ ಕುಣಿಯಿತು. ಈ ಸಲ ಮಾವ ರಸ್ಕನ್ನು ಕೆಳಗಿಟ್ಟರು. ಅವಳ ಕಾಲನ್ನೇ ನೋಡುತ್ತ, ನೀಟಾಗಿ, ಏನೂ ಸಿಕ್ಕಿಕೊಳ್ಳದ ಗಂಟಲಿನಿಂದ ಒಂದು ಸುಳ್ಳು ಕೆಮ್ಮು ಕೆಮ್ಮಿದರು.

ಧಡ್.

“ಗಂಟಲಿಗೆ ಏನಾಯ್ತು ಮಾವ?”

“ನನ್ನ ಗಂಟಲು ನೆಟ್ಟಗಿದೆ. ನಿನ್ನ ಕಾಲಿಗೆ ಏನಾಗಿದೆ?”

“ಕಾಲಿಗಾ? ಏನಾಗಿದೆ?”

ಮಾವ ಕೆಮ್ಮಿದರು. ಕಾಲು ಬಡಿಯಿತು. ಚೂಟಿ ಚಾಕು ಬಿಟ್ಟು ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ನಿಮ್ಮ ಮೇಷ್ಟ್ರಿಗೆ ಕೆಮ್ಮಿದೆಯಾ?” ಅಂದರು ಮಾವ.

“ಇಲ್ಲ. ಅಂದ್ರೆ… ಇದೆಯೇನೋ. ಒಂಥರಾ ಗಂಟಲು ಸರಿ ಮಾಡ್ಕೋತಾ ಇರ್ತಾರೆ.”

“ಯಾವಾಗ?”

ಚೂಟಿ ಯೋಚಿಸಿದಳು. ಯೋಚಿಸಿದಷ್ಟೂ ಅವಳ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಮಾವ ಕುರ್ಚಿಗೆ ಒರಗಿದರು. ಕಥೆ ಬರುತ್ತಿದೆ ಎಂದರ್ಥ. “ನಮ್ಮಲ್ಲೊಂದು ಕತ್ತೆ ಇತ್ತು. ನಾನು ‘ಕೂರು’ ಅಂದ್ರೆ ಕೂರ್ತಿತ್ತು, ಕೂತ್ರೆ ಜೇಬಿಂದ ಒಂದು ಕ್ಯಾರೆಟ್ ಕೊಡ್ತಿದ್ದೆ. ನಾನು ಅಂದ್ಕೊಂಡಿದ್ದೆ ಅದು ನನ್ನ ಮಾತು ಕೇಳುತ್ತೆ ಅಂತ. ಅದೆಲ್ಲಿ ಕೇಳುತ್ತೆ! ನನ್ನ ಕೈ ಜೇಬಿಗೆ ಹೋಗೋದನ್ನ ನೋಡ್ತಿತ್ತು. ಒಂದಿನ ಆಟದ ಮಧ್ಯೆ ಮುಂದಿನ ಸಾಲಲ್ಲಿ ಯಾರೋ ದೊಡ್ಡ ಮನುಷ್ಯರು ಕರ್ಚೀಫ್ ತೆಗೆಯೋಕೆ ಜೇಬಿಗೆ ಕೈ ಹಾಕಿದ್ರು. ಕತ್ತೆ ಅಲ್ಲೇ ಕೂತ್ಬಿಡ್ತು. ಅದರ ಬೆನ್ನ ಮೇಲೆ ನಿಂತಿದ್ದ ಹುಡುಗಿ ಹಾರಿ ಹೋಗಿ ಡೋಲು ಬಾರಿಸೋನ ತೊಡೆ ಮೇಲೆ ಬಿದ್ಲು. ಆಮೇಲೆ ಅವನನ್ನೇ ಮದುವೆ ಆದ್ಲು, ಅದು ಬೇರೆ ವಿಷಯ.”

“ಅಂದ್ರೆ ನಾನು ಕತ್ತೆ.”

“ಛೆ, ಹಾಗನ್ಬೇಡ, ಕತ್ತೆಗೆ ಬೇಜಾರಾಗುತ್ತೆ. ಅದಕ್ಕೆ ಕ್ಯಾರೆಟ್ಟಾದ್ರೂ ಸಿಗ್ತಿತ್ತು. ನಿಂಗೇನು ಸಿಗ್ತಿತ್ತು?”

ಏನು ಸಿಗುತ್ತಿತ್ತು ಎಂಬುದು ಚೂಟಿಗೆ ಮರುದಿನ ತರಗತಿಯಲ್ಲಿ ತಿಳಿಯಿತು. ಶಾಲೆಯ ಕಾರಿನಲ್ಲಿ ಒಬ್ಬರು ಓಡಿಸುತ್ತ ಉಳಿದವರು ಹಿಂದೆ ಕೂತು ತಮ್ಮ ಸರದಿ ಕಾಯುವುದು ರೂಢಿ. ಇಷ್ಟು ದಿನ ಅವಳು ಹಿಂದೆ ಕೂತಾಗ ಓಡಿಸುವವರ ಕೈ ನೋಡುತ್ತಿದ್ದಳು. ಅವತ್ತು ಮೇಷ್ಟ್ರನ್ನು ನೋಡಿದಳು.

ಮೇಷ್ಟ್ರು ದಪ್ಪ ಮನುಷ್ಯ, ಪುಕ್ಕಲು ಜೀವ. ದಿನಾ ಗೊತ್ತಿಲ್ಲದವರ ಕೈಗೆ ಪ್ರಾಣ ಕೊಟ್ಟು ಪಕ್ಕದಲ್ಲಿ ಕೂರುವ ಕೆಲಸ ಅವರದು. ಎದುರಿಗೆ ನಾಯಿ ಬಂದರೆ, ಸೈಕಲ್ಲು ಬಂದರೆ, ತಿರುವು ಬಂದರೆ, ಮೊದಲು ಅವರ ಗಂಟಲು ಬಿಗಿಯುತ್ತಿತ್ತು. ‘ಖ್ಹೆಂ’ ಎಂದು ಸಣ್ಣದೊಂದು ಕೆಮ್ಮು. ಆ ಕೆಮ್ಮಿನ ಬಾಲ ಹಿಡಿದು ಅವರ ಕಾಲು ತಮ್ಮ ಬ್ರೇಕಿನ ಮೇಲೆ ಬೀಳುತ್ತಿತ್ತು. ಕಾರು ಎಗರಿ ನಿಂತು ಓಡಿಸುವವರ ಎದೆ ಸ್ಟೇರಿಂಗಿಗೆ ಬಡಿಯುತ್ತಿತ್ತು, ಮೇಲಿಂದ ಬೈಗುಳ. ಒಂದೆರಡು ವಾರ ಎದೆ ಬಡಿಸಿಕೊಂಡವರು ಯಾರೇ ಆಗಲಿ, ಕೆಮ್ಮು ಕೇಳಿದ ಕೂಡಲೇ ಮೇಷ್ಟ್ರಿಗಿಂತ ಮೊದಲು ತಾವೇ ಮೆತ್ತಗೆ ಬ್ರೇಕು ಒತ್ತಲು ಕಲಿಯುತ್ತಿದ್ದರು. ಆಗ ಎದೆಗೆ ಪೆಟ್ಟಿಲ್ಲ, ಬೈಗುಳವಿಲ್ಲ. ‘ಶಾಬಾಸ್’ ಬೇರೆ. ರಸ್ತೆಯನ್ನು ಯಾರೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಎಲ್ಲರೂ ಮೇಷ್ಟ್ರ ಗಂಟಲಿಗೆ ಕಿವಿಗೊಟ್ಟು ಕಾರು ಓಡಿಸುತ್ತಿದ್ದರು.

ಇನ್‌ಸ್ಪೆಕ್ಟರ್ ಮೇಡಂ ಕೆಮ್ಮುವುದಿಲ್ಲ. ಅದಕ್ಕೇ ಗೆರೆಯ ಮುಂದೆ ಯಾರೂ ನಿಲ್ಲುವುದಿಲ್ಲ.

ಚೂಟಿಗೆ ಖಚಿತ ಮಾಡಿಕೊಳ್ಳದೆ ತಡೆಯಲಾಗಲಿಲ್ಲ. ಔಷಧಿ ಅಂಗಡಿಯವರು ಓಡಿಸುತ್ತಿದ್ದರು. ಉದ್ದನೆಯ ನೇರ ರಸ್ತೆ, ಎರಡೂ ಕಡೆ ಗೋದಾಮುಗಳು, ನಾಯಿಯಿಲ್ಲ, ನರಪಿಳ್ಳೆಯಿಲ್ಲ. ಅವಳು ಮುಂದಕ್ಕೆ ಬಾಗಿ, ಮೇಷ್ಟ್ರ ಧಾಟಿಯಲ್ಲೇ ‘ಖ್ಹೆಂ’ ಅಂದಳು.

ಕಾರು ಗಕ್ಕನೆ ನಿಂತಿತು. ಮೇಷ್ಟ್ರ ಹಣೆ ಡ್ಯಾಶ್‌ಬೋರ್ಡಿಗೆ ಟಣ್ಣನೆ ಬಡಿಯಿತು.

“ಏನ್ರೀ ಅದು! ಖಾಲಿ ರಸ್ತೇಲಿ ಯಾಕ್ರೀ ನಿಲ್ಲಿಸಿದ್ರಿ?”

ಔಷಧಿ ಅಂಗಡಿಯವರು ರಸ್ತೆ ನೋಡಿದರು, ಕಾಲು ನೋಡಿದರು. “ಅದೇ… ಯಾಕೋ ನಿಲ್ಲಿಸ್ಬೇಕು ಅನ್ನಿಸ್ತು ಮೇಷ್ಟ್ರೇ.”

“ಅನ್ನಿಸಿದಾಗೆಲ್ಲ ನಿಲ್ಲಿಸೋಕೆ ಇದೇನು ನಿಮ್ಮ ಮಾವನ ಮನೆ ಎತ್ತಿನ ಗಾಡೀನಾ?”

ಚೂಟಿ ಇನ್ನೆರಡು ಸಲ ಮಾಡಿದಳು. ಎರಡನೆಯ ಸಲಕ್ಕೆ ಮೇಷ್ಟ್ರ ಕನ್ನಡಕ ಹಾರಿ ಕಾಲಡಿ ಬಿತ್ತು. ಆಮೇಲೆ ನಗು ತಡೆಯಲಾರದೆ ಸಿಕ್ಕಿಬಿದ್ದಳು. ಕಾರನ್ನು ಬದಿಗೆ ಹಾಕಿಸಿ, ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದಳು. ಮೇಷ್ಟ್ರ ಮುಖ ಕೆಂಪೇರಿತು.

“ನಾನು ಕೆಮ್ಮೋದಾ? ನಾನೆಲ್ರೀ ಕೆಮ್ತೀನಿ? ನನ್ನ ಜನ್ಮದಲ್ಲಿ…” ಎನ್ನುವಷ್ಟರಲ್ಲಿ ಎದುರಿಗೆ ಲಾರಿಯೊಂದು ತಿರುಗಿತು. “ಖ್ಹೆಂ.” ನಿಂತ ಕಾರಿನಲ್ಲಿ ಕೂತ ಎಲ್ಲರ ಬಲಗಾಲುಗಳೂ ಒಟ್ಟಿಗೇ ನೆಲ ಒತ್ತಿದವು.

ಮೇಷ್ಟ್ರು ಬಾಗಿ ಎಲ್ಲರ ಕಾಲುಗಳನ್ನೂ ಒಂದೊಂದಾಗಿ ನೋಡಿದರು.

ಮರುದಿನ ಮೇಷ್ಟ್ರು ಬಾಯಿ ತುಂಬ ಪೆಪ್ಪರ್‌ಮಿಂಟು ತುಂಬಿಕೊಂಡು, ಕೆಮ್ಮುವುದಿಲ್ಲ ಎಂದು ಪಣ ತೊಟ್ಟು ಬಂದರು. ಅವತ್ತು ಶಾಲೆಯ ಕಾರು ಒಂದು ಕಸದ ತೊಟ್ಟಿ, ಒಂದು ಅಂಗಡಿಯ ಬೋರ್ಡು ಮತ್ತು ಯಾರದೋ ಮನೆಯ ಹೂವಿನ ಕುಂಡಗಳ ಪೂರಾ ಸಾಲನ್ನು ಕೆಡವಿತು. ಸಂಜೆಗೆ ಮೇಷ್ಟ್ರು ಪೆಪ್ಪರ್‌ಮಿಂಟು ಉಗಿದು, ಹಾಳಾಗಿ ಹೋಗಲಿ ಎಂದು ಮೊದಲಿನಂತೆ ಕೆಮ್ಮತೊಡಗಿದರು.

ಉಪಾಯ ಹೂಡಿದವರು ಔಷಧಿ ಅಂಗಡಿಯವರು. ಅವರಿಗೂ ಅವಸರವಿತ್ತು. ಅವರ ಹೆಂಡತಿ ಬೇರೆ ಶಾಲೆಯಲ್ಲಿ ಕಲಿತು ಮೊದಲೇ ಲೈಸೆನ್ಸು ಪಡೆದು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ತೊಡೆಯ ಮೇಲೆ ತರಕಾರಿ ಚೀಲ ಇಟ್ಟು, ಕಂಡವರಿಗೆಲ್ಲ ಕೈ ಬೀಸುತ್ತ ಹೋಗುತ್ತಿದ್ದರು.

“ನೋಡಮ್ಮ ಚೂಟಿ, ಮುಂದಿನ ಪರೀಕ್ಷೆಗೂ ನಮ್ಮಿಬ್ಬರದ್ದೇ ಜೋಡಿ. ಗೆರೆ ಬಂದಾಗ ನೀನು ಓಡಿಸ್ತಿದ್ರೆ ಹಿಂದಿಂದ ನಾನು ಕೆಮ್ತೀನಿ. ನಾನು ಓಡಿಸ್ತಿದ್ರೆ ನೀನು ಕೆಮ್ಮು. ಕೆಮ್ಮಬಾರದು ಅಂತ ಯಾವ ಕಾನೂನೂ ಇಲ್ಲ.”

“ಸಿಕ್ಕಿಬಿದ್ರೆ?”

“ಕೆಮ್ಮಿದ್ದಕ್ಕೆ ಯಾರನ್ನಾದ್ರೂ ಹಿಡಿಯೋಕಾಗುತ್ತಾ? ಜನಕ್ಕೆ ಕೆಮ್ಮಿನ ಔಷಧಿ ಮಾರಿ ಹೊಟ್ಟೆ ಹೊರೆಯೋ ನಾನು ಕೆಮ್ಮು ಅಂತ ನಿನ್ನ ಕೈಕಾಲು ಹಿಡೀಬೇಕಾಗಿ ಬಂತಲ್ಲಮ್ಮ!”

ಚೂಟಿ ಒಪ್ಪಿದಳು. ಒಪ್ಪದೆ ಇರಲು ಕಾರಣವೇ ಕಾಣಲಿಲ್ಲ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಭಾವಮೈದ ಆಗಲೇ ವ್ಯಾನಿನ ಗಾಜಿಗೆ ಅಂಟಿಸಲು ಹುಲಿಯ ಚಿತ್ರವೊಂದನ್ನು ತಂದಿಟ್ಟುಕೊಂಡಿದ್ದ.

ಮನೆಯಲ್ಲಿ ಈ ಉಪಾಯವನ್ನು ಕೇಳಿ ಗಂಡ ಬಿದ್ದು ಬಿದ್ದು ನಕ್ಕ. ಮಾವ ನಗಲಿಲ್ಲ.

“ಪಾಸಾಗ್ತೀಯ. ಆಮೇಲೆ?”

“ಆಮೇಲೆ ವ್ಯಾನ್ ಓಡಿಸ್ತೀನಿ.”

“ವ್ಯಾನಲ್ಲಿ ಕೆಮ್ಮೋದಕ್ಕೆ ಯಾರನ್ನ ಇಟ್ಕೊಳ್ತೀಯ? ಬ್ರೆಡ್ಡು ಕೆಮ್ಮುತ್ತಾ? ರಸ್ತೆಗೆ ಮಗು ಬಂದ್ರೆ ಅದು ಕೆಮ್ಮಿಕೊಂಡು ಬರುತ್ತಾ?”

ಚೂಟಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಿಟಕಿಯಿಲ್ಲದ ಕೋಣೆ ಬಿಟ್ಟರೆ ಸಾಕು ಎಂಬ ಧಾವಂತದಲ್ಲಿ ಅವಳಿಗೆ ಈ ಕಡೆ ಯೋಚನೆಯೇ ಹೋಗಿರಲಿಲ್ಲ.

“ಹಾಗಾದ್ರೆ ಏನ್ಮಾಡ್ಲಿ?”

“ಕಲಿಸಿದ್ದನ್ನ ಬಿಡಿಸ್ಬೇಕು. ನಾಯಿಗಾದ್ರೆ ನಾನು ಬಿಡಿಸಬಲ್ಲೆ,” ಅಂದರು ಮಾವ. “ನಿಂದು ಹೇಳೋಕಾಗಲ್ಲ.”

ಮಧ್ಯಾಹ್ನ ಒಲೆಗಳು ತಣ್ಣಗಾಗುವ ಹೊತ್ತಿಗೆ ಬೇಕರಿಯ ಹಿಂದಿನ ಅಂಗಳ ಖಾಲಿಯಿರುತ್ತಿತ್ತು. ವ್ಯಾನಿನ ಡ್ರೈವರು ಕೀ ಕೊಟ್ಟು, ಹಿಟ್ಟಿನ ಮೂಟೆಗಳ ಮೇಲೆ ಮಂಡಿ ಚಾಚಿಕೊಂಡು ಮಲಗಿದ. ಚೂಟಿ ನೆಲದಿಂದ ಗುಡಿಸಿದ ಮೈದಾ ಹಿಟ್ಟನ್ನು ತಂದು ಅಂಗಳಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದಳು. ಮಾವ ಒಡೆದ ಬಿಸ್ಕತ್ತುಗಳ ಪೊಟ್ಟಣ ಹಿಡಿದು ಪಕ್ಕದ ಸೀಟಿಗೆ ಏರಿದರು.

“ನಿಯಮ ಕೇಳು. ನಾನು ಕೆಮ್ಮಿದಾಗ ಕಾಲು ಅಲ್ಲಾಡಬಾರದು. ಗೆರೆ ಕಂಡಾಗ ನಿಲ್ಲಿಸ್ಬೇಕು. ಸರಿ ಮಾಡಿದ್ರೆ ಬಿಸ್ಕತ್ತು ನಿಂಗೆ, ತಪ್ಪಿದ್ರೆ ನಂಗೆ.”

“ನಾನೇನು ನಾಯೀನಾ ಮಾವ?”

“ನಾಯಿ ಆಗಿದ್ರೆ ಇಷ್ಟೊತ್ತಿಗೆ ಕಲಿತು ಮಲಗಿರ್ತಿತ್ತು. ಗಾಡಿ ತೆಗಿ.”

ಮೊದಲ ದಿನ ಬಿಸ್ಕತ್ತೆಲ್ಲ ಮಾವನ ಹೊಟ್ಟೆ ಸೇರಿತು. ಮುದುಕ ಎಷ್ಟು ಬಗೆಯ ಕೆಮ್ಮು ಬಲ್ಲರೆಂದು ಚೂಟಿಗೆ ಅವತ್ತೇ ಗೊತ್ತಾದದ್ದು. ಒಣ ಕೆಮ್ಮು, ಕಫದ ಕೆಮ್ಮು, ಆಫೀಸರು ಕೋಣೆಗೆ ಬರುವ ಮುಂಚಿನ ಕೆಮ್ಮು, ಸಾಲ ಕೇಳಲು ಬಂದವನ ಕೆಮ್ಮು, ಕೊನೆಗೆ ಸೀನಾಗಿ ತಿರುಗುವ ಮೋಸದ ಕೆಮ್ಮು. ಬಿಸ್ಕತ್ತು ಅವರಿಗೂ ಇಷ್ಟ. ಹಾಗಾಗಿ ಅವಳು ಮೈಮರೆತ ಗಳಿಗೆಯನ್ನೇ ಕಾದು ಕೆಮ್ಮುತ್ತಿದ್ದರು.

“ಮೋಸ ಇದು!”

“ರಸ್ತೇಲಿ ಹೇಳಿ ಕೇಳಿ ಕೆಮ್ತಾರಾ? ಬಾಯ್ಮುಚ್ಚಿ ಗೆರೆ ನೋಡು.”

ಅವಳ ಕಾಲು ಹಟಮಾರಿಯಾಗಿತ್ತು. ತಲೆ ಬೇಡವೆಂದರೂ ಕೆಮ್ಮಿನ ಕಡೆಗೇ ಓಡುತ್ತಿತ್ತು. ದಿನ ಕಳೆದಂತೆ, ಕೆಮ್ಮಿದರೂ ಏನೂ ಆಗುವುದಿಲ್ಲ, ಎದೆಗೆ ಪೆಟ್ಟು ಬೀಳುವುದಿಲ್ಲ, ಯಾರೂ ಬೈಯುವುದಿಲ್ಲ ಎಂದು ಅದಕ್ಕೂ ಮನವರಿಕೆಯಾಗತೊಡಗಿತು. ಬಡಿಯುವುದು ಹೋಗಿ ನಡುಗುವುದಾಯಿತು. ನಡುಗುವುದು ಹೋಗಿ ಹೆಬ್ಬೆರಳೊಂದು ಮಿಡುಕುವುದಾಯಿತು. ಕೊನೆಗೆ ಅದೂ ನಿಂತಿತು. ಇನ್ನೊಂದು ಕಡೆ ಮೈದಾ ಗೆರೆ ಕಣ್ಣಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ವ್ಯಾನು ಗೆರೆಯ ಮುಂದೆ ನಿಲ್ಲುತ್ತಿದ್ದಂತೆ ಮಾವ, “ಭಲೇ!” ಎಂದು ಬಿಸ್ಕತ್ತನ್ನು ನೇರ ಬಾಯಿಗೇ ಇಡುತ್ತಿದ್ದರು. ಅವಳ ಎರಡೂ ಕೈ ಸ್ಟೇರಿಂಗಿನ ಮೇಲಿರುತ್ತಿದ್ದವಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಮೈದಾನದಲ್ಲಿ ಚೂಟಿ ಔಷಧಿ ಅಂಗಡಿಯವರನ್ನು ಬದಿಗೆ ಕರೆದಳು.

“ಅಣ್ಣಾ, ನಂಗೆ ಕೆಮ್ಮಬೇಡಿ. ನಾನು ಕೆಮ್ಮು ಬಿಟ್ಟಿದ್ದೀನಿ.”

“ಅಂದ್ರೆ ನಂಗೂ ಕೆಮ್ಮಲ್ವಾ?” ಅವರ ಮುಖ ಬಿಳಚಿತು.

“ಮೊದಲೇ ಹೇಳಬೇಕಿತ್ತು, ತಪ್ಪಾಯ್ತು. ನೀವೂ ಗೆರೆ ನೋಡ್ಕೊಂಡು…”

“ಆಯ್ತು ಆಯ್ತು,” ಎಂದು ಅವರು ಮಾತು ತುಂಡು ಮಾಡಿದರು. ಅವಳು ಮಾತಿಗೆ ತಪ್ಪಿ ಜಾರಿಕೊಳ್ಳುತ್ತಿದ್ದಾಳೆ ಎಂದು ಅವರ ಲೆಕ್ಕ. ಬೇಡವೆಂದರೂ ತಾವು ಕೆಮ್ಮಿ ಉಪಕಾರ ಮಾಡಿಬಿಟ್ಟರೆ, ಅವಳು ನಾಚಿಕೆಗಾದರೂ ತಿರುಗಿ ಕೆಮ್ಮಿಯಾಳು ಎಂದು ಇನ್ನೊಂದು ಲೆಕ್ಕ.

ಚೂಟಿ ಮೊದಲು. ಇನ್‌ಸ್ಪೆಕ್ಟರ್ ಮೇಡಂ ಪಕ್ಕದಲ್ಲಿ ಕೂತು, ಹಿಂದಿನ ಸಲದ ಗೋಡೆ ನೆನಪಾಗಿಯೋ ಏನೋ, ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ “ಹೊರಡಿ” ಅಂದರು. ಕಾರು ಎಂಟರ ಮೊದಲ ಸುತ್ತಿಗೆ ಬರುತ್ತಿದ್ದಂತೆ ಹಿಂದಿನಿಂದ “ಖ್ಹೆಂ” ಎಂದು ಕೇಳಿತು. ಔಷಧಿ ಅಂಗಡಿಯವರಿಗೆ ಗಾಬರಿಯಲ್ಲಿ ಎಲ್ಲಿ ಕೆಮ್ಮಬೇಕು ಎಂಬುದೇ ಮರೆತು ಹೋಗಿತ್ತು. ಸುತ್ತಿನಲ್ಲಿ ಕೆಮ್ಮಿದರು, ಡ್ರಮ್ಮಿನ ಬಳಿ ಕೆಮ್ಮಿದರು, ಹಿಂದಕ್ಕೆ ತೆಗೆಯುವಾಗ ಬಿಡದೆ ಕೆಮ್ಮಿದರು. ಚೂಟಿ ಹಲ್ಲು ಕಚ್ಚಿ ಗೂಟಗಳನ್ನೇ ನೋಡಿದಳು. ಕಾಲು ಅಲುಗಲಿಲ್ಲ. ಬಿಳಿ ಗೆರೆ ಇನ್ನೂ ದೂರವಿರುವಾಗಲೇ ಅವರು ಕೊನೆಯದೊಂದು ದೊಡ್ಡ ಕೆಮ್ಮು ಕೆಮ್ಮಿದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದೆ ಬಂದು, ಗೆರೆಗೆ ಒಂದು ಗೇಣು ಇರುವಂತೆ ಕಾರನ್ನು ನಿಲ್ಲಿಸಿದಳು.

ನಿಲ್ಲಿಸಿ, ಮೇಡಂ ಕಡೆ ತಿರುಗಿ, ಬಾಯಿ ಅಗಲವಾಗಿ ತೆರೆದಳು.

ಮೇಡಂ ಆ ಬಾಯಿಯನ್ನು ನೋಡಿದರು. “ಏನದು?”

ಚೂಟಿ ಬಾಯಿ ಮುಚ್ಚಿದಳು. “ಆಕಳಿಕೆ ಮೇಡಂ.”

“ಹ್ಞೂಂ. ನಿಲ್ಲಿಸಿದ್ರಲ್ಲ, ಅದೇ ದೊಡ್ಡದು. ಪಾಸ್.” ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಏನೋ ನೆನಪಾದವರಂತೆ ಮತ್ತೆ ಹಾಕಿದರು. ಹಿಂದಕ್ಕೆ ತಿರುಗಿದರು. “ಏನು ನಡೀತಾ ಇದೆ ಇಲ್ಲಿ? ಇವರು ಓಡಿಸೋವಾಗ ನಿಮಗೆ ಅಷ್ಟು ಕೆಮ್ಮು. ಈಗೆಲ್ಲಿ ಹೋಯ್ತು? ಈ ಶಾಲೆಯವರದ್ದು ಏನೋ ಆಟ ಇದೆ. ನಂಗೆ ಗೊತ್ತಾಗಲ್ಲ ಅಂದ್ಕೋಬೇಡಿ. ಜಾಗ ಬದಲಾಯಿಸಿ. ಇನ್ನು ಹಿಂದಿನ ಸೀಟಿಂದ ಒಂದೇ ಒಂದು ಕೆಮ್ಮು ಬಂದ್ರೆ ಇಬ್ಬರದ್ದೂ ಇಲ್ಲ. ಸಹಿ ಆಮೇಲೇ ಹಾಕ್ತೀನಿ.”

ಔಷಧಿ ಅಂಗಡಿಯವರು ಓಡಿಸತೊಡಗಿದರು. ಹಿಂದಿನ ಸೀಟಿನಲ್ಲಿ ಚೂಟಿ ಎರಡು ಕೈಗಳನ್ನೂ ತೊಡೆಯಡಿ ಒತ್ತಿಕೊಂಡು ಕೂತಳು. ಸುತ್ತು ಚೆನ್ನಾಗಿಯೇ ಬಂತು. ಡ್ರಮ್ಮುಗಳ ಹಂತವೂ ದಾಟಿತು. ಉಳಿದದ್ದು ಗೆರೆ. ಕನ್ನಡಿಯಲ್ಲಿ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಆ ಕಣ್ಣುಗಳಲ್ಲಿ ಹೆಂಡತಿಯ ಕಾರಿತ್ತು, ತರಕಾರಿ ಚೀಲವಿತ್ತು.

ಅವಳ ಗಂಟಲು ಕೆರೆಯಿತು. ನಿಜವಾಗಿಯೇ. ಕೆಮ್ಮಬಾರದು ಅಂದುಕೊಂಡಷ್ಟೂ ಯಾರೋ ಗಂಟಲೊಳಗೆ ಹುಲ್ಲುಕಡ್ಡಿ ಆಡಿಸಿದ ಹಾಗೆ. ಮೈದಾನದ ಹಗ್ಗದಾಚೆ ಮೇಷ್ಟ್ರು ಪೂರಾ ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ನಿಂತದ್ದು ಕಂಡಿತು. ಅಲ್ಲಿಂದಲೂ ಕೆಮ್ಮು ಬರುವಂತಿಲ್ಲ. ಬಂದರೆ ತನ್ನಿಂದಲೇ ಬರಬೇಕು. ಒಂದು ‘ಖ್ಹೆಂ’. ಆ ಮನುಷ್ಯ ಗೆರೆಯ ಮುಂದೆ ಅಳತೆಗೋಲು ಹಿಡಿದಂತೆ ನಿಲ್ಲಿಸುತ್ತಿದ್ದರು. ಮೇಡಂ ತೊಡೆಯ ಮೇಲೆ ಅವಳ ಕಾಗದ ಸಹಿಯಿಲ್ಲದೆ ಬಿದ್ದಿತ್ತು. ಅವಳು ಉಗುಳು ನುಂಗಿದಳು. ಇನ್ನೊಮ್ಮೆ ನುಂಗಿದಳು. ಕಣ್ಣಲ್ಲಿ ನೀರು ಬಂತು. ಕನ್ನಡಿಯಲ್ಲಿದ್ದ ಕಣ್ಣುಗಳನ್ನು ಬಿಟ್ಟು ಕಿಟಕಿಯಾಚೆ ನೋಡಿದಳು.

ಗೆರೆ ಕಾರಿನಡಿ ಹೋಯಿತು. ಮೇಡಂ ಗೋಡೆಯ ಮುಂದೆ ಬ್ರೇಕು ಒತ್ತಿದರು. ಆಮೇಲೆ ಬೇಸರದಿಂದ ಪೆನ್ನಿನ ಮುಚ್ಚಳ ತೆಗೆದು ಒಂದು ಕಾಗದಕ್ಕೆ ಸಹಿ ಹಾಕಿದರು. ಒಂದಕ್ಕೇ.

ಕಾರಿನಿಂದ ಇಳಿದ ಮೇಲೆ ಚೂಟಿ ಎಲ್ಲಕ್ಕಿಂತ ಮೊದಲು ಮನಸಾರೆ ಕೆಮ್ಮಿದಳು, ಹಗ್ಗ ಕಟ್ಟಿದ ಕಂಬ ಹಿಡಿದು. ಔಷಧಿ ಅಂಗಡಿಯವರು ಎದುರಿಗೆ ಬಂದು ನಿಂತರು.

“ಈಗ ಕೆಮ್ತೀಯ! ಆಗ ಒಂದೇ ಒಂದು ಕೆಮ್ಮಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ವ್ಯಾನು ಹೋಗ್ತಿತ್ತು,” ಅಂದಳು ಚೂಟಿ.

ಅವಳು ಮೂಗು ಒರೆಸಿಕೊಂಡಳು. “ನಾಳೆ ಮಧ್ಯಾಹ್ನದಿಂದ ಬೇಕರಿ ಹಿಂದಿನ ಅಂಗಳಕ್ಕೆ ಬನ್ನಿ ಅಣ್ಣ. ನಿಮ್ಮ ಮನೆ ಕಾರು ತಗೊಂಡು ಬನ್ನಿ, ಅತ್ತಿಗೇನೇ ಓಡಿಸ್ಕೊಂಡು ತರಲಿ. ಮಾವ ಕೆಮ್ತಾರೆ. ಬಿಸ್ಕತ್ತು ಮಾತ್ರ ನೀವೇ ತರ್ಬೇಕು. ಒಳ್ಳೇದು ತನ್ನಿ, ಮೊದಲೆರಡು ದಿನ ಅವರೇ ತಿನ್ನೋದು.”

“ನಿನ್ನ ಮುಖ ನೋಡಲ್ಲ ನಾನು,” ಎಂದು ಔಷಧಿ ಅಂಗಡಿಯವರು ಹೊರಟು ಹೋದರು. ಸ್ವಲ್ಪ ದೂರ ಹೋಗಿ ತಿರುಗಿದರು. “ಎಷ್ಟು ಗಂಟೆಗೆ?”

ಬೇಕರಿಗೆ ಬಂದಾಗ ಎರಡನೆಯ ಒಲೆಯ ಬ್ರೆಡ್ಡು ಟ್ರೇಗಳಲ್ಲಿ ಹೊರಗೆ ಬಂದಿತ್ತು. ವ್ಯಾನಿನ ಹಿಂಬಾಗಿಲು ತೆರೆದಿತ್ತು. ಭಾವಮೈದ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು, ಸೀಟನ್ನು ಹಿಂದಕ್ಕೆ ಸರಿಸಿ, ಕಾಲು ಚಾಚಿಕೊಂಡು, ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಹುಲಿ ಗಾಜಿನ ಮೇಲೆ ವಾರೆಯಾಗಿ ಅಂಟಿತ್ತು.

“ಇಳೀರಿ,” ಅಂದಳು ಚೂಟಿ.

“ಭಾವ ಹೇಳಿದ್ರು, ನೀನು ಈ ಸಲಾನೂ…”

ಅವಳು ಸಹಿ ಬಿದ್ದ ಕಾಗದವನ್ನು ಅವನ ಮೀಸೆಯ ಹತ್ತಿರ ಹಿಡಿದಳು. ಯಜಮಾನರು ಬಾಗಿಲಿಗೆ ಬಂದು, ಕಾಗದ ಇಸಿದುಕೊಂಡು, ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊಟ್ಟ ಮಾತಿನಿಂದ ಜಾರಿಕೊಳ್ಳಲು ಅದರಲ್ಲಿ ಏನೂ ಸಿಗಲಿಲ್ಲ.

“ಇಳಿಯೋ ಮಾರಾಯ,” ಅಂದರು ಭಾವಮೈದನಿಗೆ. “ಒಳಗೆ ಹೋಗಿ ಪ್ಯಾಕಿಂಗ್ ನೋಡ್ಕೋ.”

ಚೂಟಿ ಹತ್ತಿ ಕೂತಳು. ಕಾಲು ಬ್ರೇಕಿಗೆ ಎಟುಕಲಿಲ್ಲ. ಅಡಿಯ ಸಲಾಕೆ ಹಿಡಿದು, ಕಿರುಗುಟ್ಟುವ ಸೀಟನ್ನು ಎಳೆದೆಳೆದು ಮುಂದಕ್ಕೆ ತಂದಳು. ಕನ್ನಡಿ ತಿರುಗಿಸಿದಳು. ಎದುರಿನ ಗಾಜಿನಾಚೆ ಬಿಸಿಲಿತ್ತು. ಭಾವಮೈದ ಇನ್ನೂ ಗೇಟಿನ ಅಡ್ಡಕ್ಕೇ ನಿಂತಿದ್ದ.

“ದಾರಿ ಬಿಡ್ರೀ,” ಎಂದು ಅವಳು ಕಿಟಕಿಯಿಂದ ಕೂಗಿದಳು. “ಬ್ರೆಡ್ ಆರಿ ಹೋಗುತ್ತೆ!”